ಸಂಪಿನ ಕೋಲು ಮತ್ತು ಎರಡು ಬೆರಳಗಲದ ಬೋರ್ಡು

ಬೊಮ್ಮನಹಳ್ಳಿಯ ನಮ್ಮ ಮನೆಯ ತಾರಸಿಯಿಂದ ನೋಡಿದರೆ ಹೊಸೂರು ರಸ್ತೆಯ ಮೇಲೆ ಹಾದುಹೋಗುವ ಮೆಟ್ರೊ ರೈಲು ಕಾಣುತ್ತದೆ. 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಈ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮಾರು 19 ಕಿಲೊಮೀಟರ್ ಉದ್ದವಿದೆ. ಯಾವ ರೈಲು ಯಾವ ಕ್ಷಣದಲ್ಲಿ ಎಲ್ಲಿದೆ, ಮುಂದಿನ ರೈಲಿಗೂ ಅದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ರೇಡಿಯೊ ಸಂಕೇತಗಳಿಂದಲೇ ಅರಿತು ನಡೆಸುವ ವ್ಯವಸ್ಥೆ ಅಲ್ಲಿದೆ. ಬೆಳಗಿನ ಅದೇ ಹೊತ್ತಿನಲ್ಲಿ ಕೆಳಗೆ ಅಂಗಳದಲ್ಲಿ ನಾನು ಸಂಪಿನ ಕಬ್ಬಿಣದ ಮುಚ್ಚಳ ಎತ್ತಿ, ಬಿದಿರಿನ ಕೋಲೊಂದನ್ನು ಇಳಿಬಿಟ್ಟು, ಒದ್ದೆಯಾದ ಭಾಗವನ್ನು ಗೇಣು ಹಾಕಿ ಅಳೆಯುತ್ತಿರುತ್ತೇನೆ. ಮೂರು ಗೇಣು ಇದ್ದರೆ ಆ ದಿನ ನೆಮ್ಮದಿ. ಒಂದು ಗೇಣಿಗೆ ಇಳಿದರೆ ಟ್ಯಾಂಕರಿನವನಿಗೆ ಫೋನು. ಒಂದೇ ಊರಿನಲ್ಲಿ, ನೂರಿನ್ನೂರು ಮೀಟರ್ ಅಂತರದಲ್ಲಿ, ಎರಡು ಶತಮಾನಗಳು ಹೀಗೆ ಒಟ್ಟಿಗೆ ಬಾಳುತ್ತಿವೆ.

2024ರ ಬೇಸಿಗೆಯನ್ನು ಈ ಭಾಗದ ಜನ ಬೇಗ ಮರೆಯಲಾರರು. ಕೊಳವೆಬಾವಿಗಳು ಒಂದರ ಹಿಂದೊಂದರಂತೆ ಬತ್ತಿದವು. ಟ್ಯಾಂಕರ್ ನೀರಿನ ದರ ಏರಿ, ಕೊನೆಗೆ ಆಡಳಿತವೇ ದರ ನಿಗದಿ ಮಾಡಬೇಕಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದ ಮೇಲೆ ಹೊರವಲಯದ ಹಳ್ಳಿಗಳ ಬವಣೆ ಒಂದಿಷ್ಟು ತಗ್ಗಿದ್ದು ನಿಜ. ಆದರೆ ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಹದಿನಾಲ್ಕು ಮನೆಗಳ ನಡುವೆ ನಡೆದ ಜಗಳಗಳ ನೆನಪು ಮಾತ್ರ ಹೋಗಿಲ್ಲ. ಹಂಚಿಕೊಂಡು ತರಿಸಿದ ಟ್ಯಾಂಕರ್ ನೀರಿನಲ್ಲಿ ಯಾರ ಸಂಪಿಗೆ ಎಷ್ಟು ಹೋಯಿತು ಎಂಬುದಕ್ಕೆ ಯಾರ ಬಳಿಯೂ ಲೆಕ್ಕವಿರಲಿಲ್ಲ. ಲೆಕ್ಕವಿಲ್ಲದ ಕಡೆ ಸಂಶಯ ಬೆಳೆಯುತ್ತದೆ. ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದ ನನಗೆ ಈ ಸತ್ಯವನ್ನು ನಿವೃತ್ತಿಯ ನಂತರ, ನನ್ನದೇ ಬೀದಿ ಮತ್ತೊಮ್ಮೆ ಕಲಿಸಿತು.

ಆ ದಿನಗಳಲ್ಲಿಯೇ ಎದುರು ಮನೆಯ ನೆಲಮಹಡಿಯಲ್ಲಿ ಬಾಡಿಗೆಗಿರುವ ಯುವಕನೊಬ್ಬ ಒಂದು ಸಣ್ಣ ಹಸಿರು ಫಲಕವನ್ನು ತಂದು ನನ್ನ ಅಂಗೈ ಮೇಲಿಟ್ಟ. ಅಗಲ ಎರಡು ಬೆರಳು, ಉದ್ದ ನಾಲ್ಕು ಬೆರಳು. ‘ಸರ್, ಇದು ನಿಮ್ಮ ಕೋಲಿನ ಕೆಲಸ ಮಾಡುತ್ತದೆ. ಸಂಪಿನಲ್ಲಿ ನೀರು ಎಷ್ಟಿದೆ ಎಂದು ಕಾಲು ಗಂಟೆಗೊಮ್ಮೆ ತಾನೇ ಅಳೆದು ಗಾಳಿಯಲ್ಲಿ ಹೇಳುತ್ತದೆ. ಕೇಳಿಸಿಕೊಳ್ಳುವ ಡಬ್ಬಿ ನಮ್ಮ ಮನೆಯಲ್ಲಿರುತ್ತದೆ’ ಎಂದ. ಚಿತ್ರದುರ್ಗದ ಕಡೆಯ ಹುಡುಗ. ಹಗಲು ಯಾವುದೋ ಕಂಪನಿಯಲ್ಲಿ ದುಡಿದು, ರಾತ್ರಿ ಹೊತ್ತು ಈ ಫಲಕದ ಮುಂದೆ ಕೂರುತ್ತಿದ್ದ. ಭಾನುವಾರ ಬಂದರೆ ಬಿಡಿಭಾಗಗಳಿಗಾಗಿ ಸರದಾರ್ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿನ ಎಸ್‌.ಪಿ. ರೋಡು. ಆ ಫಲಕ ಸಿದ್ಧವಾಗಲು ಪಟ್ಟ ಪಾಡನ್ನು ಒಂದು ವರ್ಷ ಹತ್ತಿರದಿಂದ ನೋಡಿದ ಮೇಲೆ, ಅರ್ಥಶಾಸ್ತ್ರ ಓದಿದ ಮತ್ತು ಆಡಳಿತ ನಡೆಸಿದ ನನಗೆ ಕೆಲವು ಮಾತುಗಳನ್ನು ಹೇಳಲೇಬೇಕೆನಿಸಿದೆ. ಅವುಗಳಲ್ಲಿ ಒಂದು ನನ್ನದೇ ತಪ್ಪಿನ ಕಥೆ.

ಮೊದಲು ಈ ವಸ್ತು ಏನೆಂದು ನೋಡೋಣ. ಮೈಕ್ರೊಕಂಟ್ರೋಲರ್ ಎಂದರೆ ಒಂದೇ ಚಿಪ್‌ನಲ್ಲಿ ಅಡಗಿರುವ ಪುಟ್ಟ ಗಣಕ. ಅದರಲ್ಲಿ ಲೆಕ್ಕ ಮಾಡುವ ಭಾಗ, ನೆನಪಿನ ಭಾಗ ಮತ್ತು ಹೊರಗಿನ ತಂತಿಗಳೊಡನೆ ವ್ಯವಹರಿಸುವ ಕಾಲುಗಳು ಇರುತ್ತವೆ. ನಮ್ಮ ವಾಷಿಂಗ್ ಮಷೀನು, ಮಿಕ್ಸಿ, ಲಿಫ್ಟುಗಳೊಳಗೆ ಇಂಥದೊಂದು ಕುಳಿತಿದೆ. ಇದಕ್ಕೆ ಒಂದು ರೇಡಿಯೊ ಸೇರಿಸಿದರೆ ಅಳೆದದ್ದನ್ನು ದೂರಕ್ಕೆ ತಿಳಿಸುವ ಶಕ್ತಿ ಬರುತ್ತದೆ. ಜಗತ್ತಿನಲ್ಲಿ ಇಂಥ ಫಲಕಗಳಿಗೆ ಬರವಿಲ್ಲ. ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸ ಶಾಲೆಯೊಂದರಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೊ ಫಲಕ ವಿದ್ಯಾರ್ಥಿಗಳಿಗೂ ಹವ್ಯಾಸಿಗಳಿಗೂ ಈ ಲೋಕದ ಬಾಗಿಲು ತೆರೆಯಿತು. ಶಾಂಘೈನ ಎಸ್ಪ್ರೆಸಿಫ್ ಕಂಪನಿ 2014ರ ಹೊತ್ತಿಗೆ ವೈಫೈ ಸಹಿತವಾದ ಚಿಪ್ಪನ್ನು ಕೆಲವೇ ಡಾಲರುಗಳಿಗೆ ಕೊಟ್ಟು ಲೆಕ್ಕಾಚಾರವನ್ನೇ ಬದಲಿಸಿತು. ಬ್ರಿಟನ್ನಿನಲ್ಲಿ 2016ರಲ್ಲಿ ಬಿಬಿಸಿಯು ಸುಮಾರು ಹತ್ತು ಲಕ್ಷ ಶಾಲಾ ಮಕ್ಕಳಿಗೆ ಬ್ಲೂಟೂತ್ ರೇಡಿಯೊ ಇರುವ ‘ಮೈಕ್ರೊಬಿಟ್’ ಫಲಕವನ್ನು ಉಚಿತವಾಗಿ ಹಂಚಿತು. 2022ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಡಬ್ಲ್ಯು ಫಲಕದ ಬೆಲೆ ಆಗ ಆರು ಡಾಲರ್ ಇತ್ತು.

ಹಾಗಿದ್ದರೆ ಈ ಹುಡುಗ ಹೊಸದಾಗಿ ಮಾಡಿದ್ದೇನು? ಇದೇ ಪ್ರಶ್ನೆಯನ್ನು ನಾನೂ ಕೇಳಿದೆ. ಉತ್ತರಕ್ಕೆ ಬದಲಾಗಿ ಆತ ಅಂಗಡಿಯಲ್ಲಿ ಕೊಂಡ ವಿದೇಶಿ ವೈಫೈ ಫಲಕವೊಂದನ್ನು ನಮ್ಮ ಸಂಪಿನೊಳಗೆ ಕಟ್ಟಿ ಮುಚ್ಚಳ ಹಾಕಿದ. ಫಲಕ ಮೂಕವಾಯಿತು. ಮುಚ್ಚಳ ಕಬ್ಬಿಣದ್ದು, ಸುತ್ತ ಕಾಂಕ್ರೀಟು, ಕೆಳಗೆ ನೀರು. ಈ ಮೂರೂ ಸೇರಿ ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ತಡೆದವು. ಆ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. 866 ಮೆಗಾಹರ್ಟ್ಸ್ ಆಸುಪಾಸಿನ ಅಲೆಯ ಉದ್ದ ಮೂವತ್ತನಾಲ್ಕು ಸೆಂಟಿಮೀಟರ್‌ಗೂ ಹೆಚ್ಚು. ಉದ್ದದ ಅಲೆ ಗೋಡೆ ಗಿಡಗಳನ್ನು ದಾಟಿ ಹೋಗುವುದರಲ್ಲಿ ಮೇಲು. ಆದರೆ ಅದಕ್ಕೆ ಆಂಟೆನಾ ಕೂಡ ಉದ್ದವಿರಬೇಕು. ಅಲೆಯ ಕಾಲು ಭಾಗ ಎಂಬ ಸಾಮಾನ್ಯ ಲೆಕ್ಕ ಹಿಡಿದರೂ ಎಂಟೂವರೆ ಸೆಂಟಿಮೀಟರ್ ಆಯಿತು. ಅದನ್ನು ನಾಲ್ಕು ಬೆರಳುದ್ದದ ಫಲಕದ ಮೇಲೆ ಮಡಿಸಿ ಮಡಿಸಿ ಕೂರಿಸಬೇಕು. ಹಾಗೆ ಮಡಿಸಿದಾಗ ಕಳೆದುಹೋಗುವ ಶಕ್ತಿಯನ್ನು ಬೇರೆ ಕಡೆಯಿಂದ ತುಂಬಿಕೊಳ್ಳಬೇಕು. ಆಂಟೆನಾದ ಬುಡದಲ್ಲಿ ತಾಮ್ರದ ಪದರ ಇರಕೂಡದು, ಬ್ಯಾಟರಿ ಹತ್ತಿರ ಬರಕೂಡದು, ತಿರುಪು ಕೂಡ ಪ್ಲಾಸ್ಟಿಕ್ಕಿನದಾಗಿದ್ದರೆ ಒಳ್ಳೆಯದು. ಫಲಕವನ್ನು ಚಿಕ್ಕದು ಮಾಡಿದಷ್ಟೂ ಈ ಎಲ್ಲವೂ ಒಂದರ ಮೈಗೊಂದು ತಾಗಿಕೊಳ್ಳುತ್ತವೆ. ಚಿಕ್ಕದಾಗಿ ಮಾಡುವುದೇ ಇಲ್ಲಿನ ದೊಡ್ಡ ಕೆಲಸ.

ಇದನ್ನು ಕೇಳುವಾಗ ನನಗೆ ನೆನಪಾದದ್ದು ಬೆಂಗಳೂರಿನದೇ ಒಂದು ಪ್ರಸಿದ್ಧ ಛಾಯಾಚಿತ್ರ. 1981ರಲ್ಲಿ ಉಡಾವಣೆಯಾದ ನಮ್ಮ ‘ಆ್ಯಪಲ್’ ಸಂವಹನ ಉಪಗ್ರಹ ಎತ್ತಿನ ಗಾಡಿಯ ಮೇಲೆ ಕುಳಿತಿರುವ ಚಿತ್ರವದು. ಬಡ ದೇಶಕ್ಕೆ ಲಾರಿಯೂ ಸಿಗಲಿಲ್ಲವೇನೋ ಎಂದು ನೋಡಿದವರು ಮರುಗಿದ್ದುಂಟು. ನಿಜ ಸಂಗತಿ ಬೇರೆ. ಉಪಗ್ರಹದ ಆಂಟೆನಾ ಪರೀಕ್ಷೆಗೆ ಸುತ್ತ ಲೋಹವಿಲ್ಲದ ಪರಿಸರ ಬೇಕಾಗಿತ್ತು. ಮರದ ಗಾಡಿ ಅದನ್ನು ಒದಗಿಸಿತು. ನಮ್ಮ ವಿಜ್ಞಾನಿಗಳು ಕೈಗೆಟುಕುವ ವಸ್ತುವಿನಿಂದ ಸರಿಯಾದ ಉತ್ತರ ಕಂಡುಕೊಂಡಿದ್ದರು. ಸಂಪಿನ ಕಬ್ಬಿಣದ ಮುಚ್ಚಳದ ಒಂದು ಮೂಲೆಗೆ ಆತ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದನ್ನು ಕೂರಿಸಿದಾಗ ನನಗೆ ಅದೇ ಬುದ್ಧಿ ಕಂಡಿತು.

ಎರಡನೆಯ ಕಷ್ಟ ವಿದ್ಯುತ್ತಿನದು. ಸಂಪಿನೊಳಗೆ ಪ್ಲಗ್ ಪಾಯಿಂಟ್ ಇರುವುದಿಲ್ಲ. ಬ್ಯಾಟರಿಯೇ ಗತಿ. ಇಂಥ ಫಲಕ ದಿನದ ಬಹುಪಾಲು ನಿದ್ರಿಸುತ್ತದೆ; ಆಗ ಅದು ಬಳಸುವುದು ಆಂಪಿಯರ್‌ನ ಲಕ್ಷದಲ್ಲೊಂದು ಭಾಗ. ಎದ್ದು ರೇಡಿಯೊದಲ್ಲಿ ಮಾತನಾಡುವ ಕ್ಷಣದಲ್ಲಿ ಹತ್ತರಲ್ಲೊಂದು ಭಾಗ, ಅಂದರೆ ಹತ್ತು ಸಾವಿರ ಪಟ್ಟು. ಆ ಒಂದು ಗುಟುಕಿಗೆ ಬ್ಯಾಟರಿ ತಡವರಿಸಿದರೆ ಚಿಪ್ಪು ಮೂರ್ಛೆ ಹೋಗಿ ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಇನ್ನು ನಿದ್ರೆಯ ಲೆಕ್ಕ ತಪ್ಪಿದರೆ ವರ್ಷಗಟ್ಟಲೆ ಬಾಳಬೇಕಾದ ಬ್ಯಾಟರಿ ವಾರಗಳಲ್ಲಿ ಬರಿದಾಗುತ್ತದೆ. ಒಂದು ಉದಾಹರಣೆ: 2,400 ಮಿಲಿಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿಗೆ, ಕೇವಲ 2 ಮಿಲಿಆಂಪಿಯರ್ ಬೇಡುವ ಸೂಚಕ ದೀಪವೊಂದನ್ನು ಸದಾ ಉರಿಯಲು ಬಿಟ್ಟರೆ ಸಾಕು, 1,200 ಗಂಟೆಗಳಲ್ಲಿ, ಅಂದರೆ 50 ದಿನಗಳಲ್ಲಿ ಅದು ಖಾಲಿ. ಓದುಗರು ಈ ದೀಪದ ಲೆಕ್ಕವನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಬೇಕಾಗುತ್ತದೆ.

ಮೂರನೆಯದು ಕಾನೂನು. ನನ್ನ ಬಾಲ್ಯದಲ್ಲಿ ಮನೆಯಲ್ಲಿ ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ವರ್ಷಕ್ಕೊಮ್ಮೆ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಪುಸ್ತಕದಲ್ಲಿ ಅಂಟಿಸಿದ ಆ ಸ್ಟಾಂಪುಗಳನ್ನು ನನ್ನ ವಯಸ್ಸಿನವರು ಮರೆತಿರಲಾರರು. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಗಳ ದೃಷ್ಟಿಯಲ್ಲಿ ಅನುಮತಿ ಇಲ್ಲದೆ ರೇಡಿಯೊ ಉಪಕರಣ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಪರಕೀಯ ಸರ್ಕಾರ ಪ್ರಜೆಗಳ ಮೇಲಿಟ್ಟಿದ್ದ ಶಂಕೆಯನ್ನು ಸ್ವತಂತ್ರ ಸರ್ಕಾರವೂ ದಶಕಗಳ ಕಾಲ ಪೋಷಿಸಿಕೊಂಡು ಬಂತು. ಹಳೆಯ ಆ ಕಾಯ್ದೆಗಳ ಸ್ಥಾನ ತುಂಬಲು 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದಿದೆ. ಆದರೆ ನಿಜವಾದ ಬಿಡುಗಡೆ ಸದ್ದಿಲ್ಲದೆ ಆದದ್ದು 2005ರಲ್ಲಿ. ಆ ವರ್ಷ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ, 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನೂ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್‌ಮುಕ್ತಗೊಳಿಸಿತು. 2021ರಲ್ಲಿ ಎರಡನೆಯ ಪಟ್ಟಿ 868ರವರೆಗೆ ವಿಸ್ತರಿಸಿತು. ಉಪಕರಣದ ಮಾದರಿಗೆ ಒಪ್ಪಿಗೆ ಬೇಕು, ಶಕ್ತಿಗೆ ಮಿತಿ ಉಂಟು. ಆದರೆ ಬಳಸುವವನು ಯಾರ ಬಾಗಿಲಿಗೂ ಅಲೆಯಬೇಕಾಗಿಲ್ಲ. ಇಂದು ಮನೆಮನೆಯ ವೈಫೈ ಇರುವುದು, ಸಂಪಿನ ಫಲಕ ಮಾತನಾಡುವುದು ಆ ಒಂದೆರಡು ಪುಟಗಳ ಅಧಿಸೂಚನೆಗಳಿಂದ. ಸಬ್ಸಿಡಿ ಇಲ್ಲ, ಶಂಕುಸ್ಥಾಪನೆ ಇಲ್ಲ. ಸರ್ಕಾರ ಮಾಡಿದ್ದು ಇಷ್ಟೇ: ದಾರಿಯಿಂದ ಪಕ್ಕಕ್ಕೆ ಸರಿದು ನಿಂತಿತು. ಆಡಳಿತದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಫಲ ಕೊಟ್ಟ ಕೆಲಸಗಳು ಕಡಿಮೆ.

ಇನ್ನು ನಮ್ಮ ನಗರದ ವಿಷಯಕ್ಕೆ ಬರೋಣ. ಬೊಮ್ಮನಹಳ್ಳಿಯಿಂದ ದಕ್ಷಿಣಕ್ಕೆ ಕೆಲವೇ ಕಿಲೊಮೀಟರ್ ದೂರದಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೊಗೂರು ಹಳ್ಳಿಗಳ 332 ಎಕರೆ ನೆಲದಲ್ಲಿ, 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸಿಗೆ ಅಡಿಪಾಯ ಹಾಕಿದವರು ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು. ಹೆಸರೇ ಹೇಳುವಂತೆ ಅದು ಎಲೆಕ್ಟ್ರಾನಿಕ್ಸ್‌ನ ಕನಸು. ಆಮೇಲೆ ಅಲ್ಲಿ ಸಾಫ್ಟ್‌ವೇರ್ ಬೆಳೆಯಿತು, ಹೆಸರು ಮಾತ್ರ ಉಳಿಯಿತು ಎಂದು ವ್ಯಂಗ್ಯವಾಡುವವರಿದ್ದಾರೆ. ಅದು ಅರ್ಧ ಸತ್ಯ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ಚಿಪ್ ವಿನ್ಯಾಸದ ವಿದ್ಯೆ ಇಲ್ಲಿ ಬೇರುಬಿಟ್ಟಿದೆ. 2019ರಲ್ಲಿ ನಗರದ ಸಿಗ್ನಲ್‌ಚಿಪ್ ಸಂಸ್ಥೆ 4ಜಿ, 5ಜಿ ಮೋಡೆಮ್‌ಗಳಿಗಾಗಿ ತಾನೇ ವಿನ್ಯಾಸಗೊಳಿಸಿದ ಚಿಪ್‌ಗಳನ್ನು ಅನಾವರಣಗೊಳಿಸಿದಾಗ ಆ ಸರಣಿಗೆ ಇಟ್ಟ ಹೆಸರು ‘ಆಗುಂಬೆ’. ಸರ್ಕಿಟ್ ಫಲಕ ತಯಾರಿಸುವ ಕಾರ್ಖಾನೆ ನಂಜನಗೂಡಿನಲ್ಲಿದೆ; ಬಿಡಿಭಾಗ ಜೋಡಿಸುವವರು ಮೈಸೂರಿನಲ್ಲೂ ಇಲ್ಲಿಯೂ ಇದ್ದಾರೆ. ವಿದ್ಯೆಯ ಕೊರತೆ ನಮಗಿಲ್ಲ. ಆದರೂ ನಮ್ಮ ಸಂಪಿಗೆ, ನಮ್ಮ ಹೊಲಕ್ಕೆ, ನಮ್ಮ ಪಂಚಾಯತಿಯ ನೀರಿನ ಟ್ಯಾಂಕಿಗೆ ಹೊಂದುವ ಒಂದು ಸಣ್ಣ ಫಲಕ ಬೇಕೆಂದರೆ ಪರದೇಶದ ಕಡೆ ನೋಡುತ್ತೇವೆ. ಏಕೆ?

ಅರ್ಥಶಾಸ್ತ್ರದ ಮೊದಲ ಪಾಠವೇ ಇದಕ್ಕೆ ಉತ್ತರ ಹೇಳುತ್ತದೆ. ಶ್ರಮವಿಭಜನೆಗೆ ಮಾರುಕಟ್ಟೆಯ ವಿಸ್ತಾರವೇ ಮಿತಿ ಎಂದು ಆಡಂ ಸ್ಮಿತ್ ತಿಳಿಸಿ ಇನ್ನೂರೈವತ್ತು ವರ್ಷಗಳಾಗುತ್ತಿವೆ. ಲೆಕ್ಕಕ್ಕಾಗಿ ಹೀಗೆ ಭಾವಿಸೋಣ. ಫಲಕವೊಂದರ ಬಿಡಿಭಾಗಗಳ ಖರ್ಚು ಆರುನೂರು ರೂಪಾಯಿ. ರೇಡಿಯೊ ಪರೀಕ್ಷೆ, ಪ್ರಮಾಣಪತ್ರ, ನೀರು ನುಗ್ಗದ ಡಬ್ಬಿಯ ಅಚ್ಚು, ಎರಡು ಮೂರು ಬಾರಿ ವಿನ್ಯಾಸ ತಿದ್ದಿದ ಖರ್ಚು ಸೇರಿ ಹತ್ತು ಲಕ್ಷ. ಐನೂರು ಫಲಕ ಮಾಡಿದರೆ ಒಂದೊಂದರ ಮೇಲೂ ಎರಡು ಸಾವಿರ ರೂಪಾಯಿಯ ಹೊರೆ ಬೀಳುತ್ತದೆ. ಐವತ್ತು ಸಾವಿರ ಮಾಡಿದರೆ ಬರೀ ಇಪ್ಪತ್ತು ರೂಪಾಯಿ. ಜಾಣತನ ಎರಡೂ ಕಡೆ ಒಂದೇ, ಗೆಲ್ಲುವುದು ಸಂಖ್ಯೆ. ಐನೂರರಿಂದ ಐವತ್ತು ಸಾವಿರಕ್ಕೆ ದಾಟುವ ಸೇತುವೆ ಇಲ್ಲದೆ ಎಷ್ಟೋ ಒಳ್ಳೆಯ ವಿನ್ಯಾಸಗಳು ದಡದಲ್ಲಿಯೇ ಉಳಿದುಹೋಗುತ್ತವೆ. ಮೊದಲ ದೊಡ್ಡ ಗಿರಾಕಿ ಯಾರಾಗಬಲ್ಲರು? ನೀರು, ಮಳೆ, ವಿದ್ಯುತ್ತು, ಹೊಲ ಈ ವಿಷಯಗಳಲ್ಲಿ ಸರ್ಕಾರವೇ ಆಗಬೇಕು. ನನ್ನ ತಪ್ಪಿನ ಕಥೆ ಶುರುವಾಗುವುದೂ ಇಲ್ಲಿಯೇ.

ಸುಮಾರು ಹದಿನೈದು ವರ್ಷಗಳ ಹಿಂದೆ ನಾನಿದ್ದ ಇಲಾಖೆಯು ಕೆಲವು ತಾಲ್ಲೂಕುಗಳ ಕುಡಿಯುವ ನೀರಿನ ಟ್ಯಾಂಕುಗಳಿಗೆ ಮಟ್ಟಮಾಪಕ ಅಳವಡಿಸಲು ಮುಂದಾಯಿತು. ಟ್ಯಾಂಕು ತುಂಬಿ ಹರಿಯುವುದನ್ನೂ ಮೋಟಾರು ಸುಡುವುದನ್ನೂ ತಪ್ಪಿಸುವುದು ಉದ್ದೇಶ. ಒಬ್ಬ ಯುವ ಎಂಜಿನಿಯರ್ ತಾನೇ ತಯಾರಿಸಿದ ಡಬ್ಬಿಯನ್ನು ಹಿಡಿದು ಬಂದ. ಎರಡು ಹಳ್ಳಿಗಳಲ್ಲಿ ಒಂದು ಬೇಸಿಗೆ ಪರೀಕ್ಷೆ ಮಾಡಲು ಬಿಡಿ, ಸರಿ ಕಂಡರೆ ಮಾತ್ರ ಹಣ ಕೊಡಿ ಎಂಬುದಷ್ಟೇ ಅವನ ಕೋರಿಕೆ. ಸಮಿತಿಯ ಮುಂದೆ ಅವನ ಡಬ್ಬಿ ಸುಮ್ಮನೆ ಕುಳಿತಿತ್ತು. ‘ಇದು ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ? ಒಂದು ದೀಪವೂ ಇಲ್ಲವಲ್ಲ?’ ಎಂದು ಸದಸ್ಯರೊಬ್ಬರು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ದೊಡ್ಡ ಸರಬರಾಜುದಾರರು ತಂದಿಟ್ಟ ಡಬ್ಬಿಯಲ್ಲಿ ಚೆಂದದ ನೀಲಿ ದೀಪ ಉರಿಯುತ್ತಿತ್ತು.

ಟೆಂಡರಿನ ಅರ್ಹತಾ ಷರತ್ತುಗಳನ್ನು ಬರೆದ ಟಿಪ್ಪಣಿಗೆ ಸಹಿ ಹಾಕಿದವನು ನಾನು. ಹಿಂದಿನ ಮೂರು ವರ್ಷಗಳಲ್ಲಿ ಇಷ್ಟು ಕೋಟಿ ವಹಿವಾಟು, ಇಂಥದೇ ಕಾಮಗಾರಿಯ ಪೂರ್ವಾನುಭವ, ಇಷ್ಟು ಲಕ್ಷ ಮುಂಗಡ ಠೇವಣಿ. ಒಂದೂ ನಿಯಮಬಾಹಿರವಲ್ಲ. ಯಾವ ಆಡಿಟ್ ಕೂಡ ಆಕ್ಷೇಪಣೆ ಎತ್ತಲಿಲ್ಲ, ಎತ್ತುವಂತೆಯೂ ಇರಲಿಲ್ಲ. ಆ ಯುವಕ ಅರ್ಜಿಯನ್ನೇ ಹಾಕಲಾಗಲಿಲ್ಲ. ಹೊರಗಿನಿಂದ ಆಮದಾದ ನೀಲಿ ದೀಪದ ಡಬ್ಬಿಗಳು ಟ್ಯಾಂಕುಗಳನ್ನೇರಿದವು. ಎರಡು ತಿಂಗಳು ತುಂಬುವುದರೊಳಗೆ ಒಂದೊಂದಾಗಿ ನಿಂತುಹೋದವು. ಒಳಗಿನ ನಕ್ಷೆ ಯಾರ ಬಳಿಯೂ ಇರಲಿಲ್ಲ. ಬ್ಯಾಟರಿ ಬದಲಿಸುವ ಬಾಬ್ತು ಅಂದಾಜುಪಟ್ಟಿಯಲ್ಲಿ ಇರಲಿಲ್ಲ. ನೀರಗಂಟಿಗಳು ಮೊದಲಿನಂತೆಯೇ ಟ್ಯಾಂಕಿನ ಏಣಿ ಹತ್ತಿ ಇಣುಕಿ ನೋಡತೊಡಗಿದರು. ನಾನು ವರ್ಗವಾಗಿ ಬೇರೆಡೆಗೆ ಹೋದೆ. ಕಾರಣವನ್ನು ಹುಡುಕುವ ಗೋಜಿಗೆ ಹೋಗಲಿಲ್ಲ.

ಕಾರಣ ತಿಳಿದದ್ದು ಕಳೆದ ವರ್ಷ, ಎದುರು ಮನೆಯ ಹುಡುಗ ಐವತ್ತು ದಿನಗಳ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ. ಬ್ಯಾಟರಿಗಳನ್ನು ಬರಿದು ಮಾಡುವುದಕ್ಕೆ ನಾವು ಮೆಚ್ಚಿದ ಆ ನೀಲಿ ದೀಪವೊಂದೇ ಸಾಕಿತ್ತು. ದೀಪವಿಲ್ಲದ ಡಬ್ಬಿಯನ್ನು ತಂದವನು ಅದನ್ನು ಬಲ್ಲವನಾಗಿದ್ದ. ಬಲ್ಲವನಾದ್ದರಿಂದಲೇ ದೀಪ ಇಟ್ಟಿರಲಿಲ್ಲ. ಆತ ಈಗ ಎಲ್ಲಿದ್ದಾನೋ ನನಗೆ ತಿಳಿಯದು. ಅವನ ಹೆಸರು ಕೂಡ ಕಡತದಲ್ಲಿ ಉಳಿದಿರಲಾರದು, ಏಕೆಂದರೆ ಅರ್ಹತೆ ಪಡೆಯದವರ ಹೆಸರನ್ನು ಕಡತ ನೆನಪಿಡುವುದಿಲ್ಲ.

ಇದು ನನ್ನೊಬ್ಬನ ಸ್ವಭಾವದೋಷವಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಅಧಿಕಾರಿ ವಿಫಲ ಪ್ರಯೋಗಕ್ಕೆ ಉತ್ತರ ಹೇಳಬೇಕು, ವಿಫಲ ಖರೀದಿಗೆ ಹೇಳಬೇಕಾಗಿಲ್ಲ. ಷರತ್ತುಗಳೆಲ್ಲ ಸರಿಯಿದ್ದು ವಸ್ತು ಕೆಟ್ಟರೆ ಅದು ದುರದೃಷ್ಟ; ಷರತ್ತು ಸಡಿಲಿಸಿ ವಸ್ತು ಕೆಟ್ಟರೆ ಅದು ವಿಚಾರಣೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಗುಣಮಟ್ಟಕ್ಕೆ ಧಕ್ಕೆಯಾಗದಂತೆ ನವೋದ್ಯಮಗಳಿಗೆ ವಹಿವಾಟು ಮತ್ತು ಪೂರ್ವಾನುಭವದ ಷರತ್ತನ್ನು ಸಡಿಲಿಸಲು ಅವಕಾಶ ಕೊಟ್ಟಿವೆ. ನಿಯಮ ಬಂದಿತು, ಸಹಿ ಹಾಕುವ ಕೈಯ ಅಂಜಿಕೆ ಹೋಗಿಲ್ಲ.

ನಮ್ಮ ರಾಜ್ಯದಲ್ಲಿಯೇ ಎರಡು ಬಗೆಯ ಅನುಭವಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಬೆಂಗಳೂರಿನ ಎನ್‌ಕೋರ್ ಸಂಸ್ಥೆ ಸೇರಿ ರೂಪಿಸಿದ ‘ಸಿಂಪ್ಯೂಟರ್’ ಮೊದಲನೆಯದು. ಓದುಬರಹ ಬಾರದವರೂ ಬಳಸಬಲ್ಲ ಅಗ್ಗದ ಕೈಗಣಕವಾಗಿ 2001ರ ಸುಮಾರಿಗೆ ಅದು ಜಗತ್ತಿನ ಗಮನ ಸೆಳೆಯಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ತಯಾರಾದ ‘ಅಮಿಡಾ’ ಮಾದರಿ ಮಾರುಕಟ್ಟೆಗೆ ಬಂದಿತು. ಆದರೆ ಮಾರಾಟ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ವಿನ್ಯಾಸಕ್ಕೆ ಚಪ್ಪಾಳೆ ತಟ್ಟಿದವರು ಬಹಳ, ಕೊಂಡವರು ಕಡಿಮೆ. ಎರಡನೆಯದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಈ ಸಂಸ್ಥೆ ಕಾಲಕ್ರಮೇಣ ಗ್ರಾಮ ಪಂಚಾಯತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ದೂರಸಂವೇದಿ ಮಳೆಮಾಪಕಗಳನ್ನು ನೆಟ್ಟಿತು. ಬಿಸಿಲಿನಿಂದ ವಿದ್ಯುತ್ ಪಡೆದು, ಮೊಬೈಲ್ ಜಾಲದ ಮೂಲಕ, ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಲೆಕ್ಕ ಕಳಿಸುವ ವ್ಯವಸ್ಥೆಯಿದು. ರೈತ ಫೋನು ಮಾಡಿ ಕೇಳಬಹುದಾದ ‘ವರುಣ ಮಿತ್ರ’ ಅದೇ ಲೆಕ್ಕದ ಮೇಲೆ ನಿಂತಿದೆ. ಇಲ್ಲಿ ಸರ್ಕಾರ ಕೊಂಡು ಸುಮ್ಮನಾಗಲಿಲ್ಲ, ತಾನೇ ಬಳಕೆದಾರನಾಯಿತು. ಬಳಸುವವನಿಗೆ ಕೆಟ್ಟದ್ದು ಗೊತ್ತಾಗುತ್ತದೆ, ಗೊತ್ತಾದರೆ ರಿಪೇರಿಯೂ ಆಗುತ್ತದೆ.

ಮತ್ತೊಂದು ಪಾಠ ಪಾವಗಡ ತಾಲ್ಲೂಕಿನ ಚನ್ನಕೇಶವಪುರದ್ದು. 2004ರಿಂದೀಚೆಗೆ ಕೆಲವು ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸ್ವಿಟ್ಜರ್ಲೆಂಡಿನ ಲೊಸಾನ್ ತಾಂತ್ರಿಕ ಸಂಸ್ಥೆಯವರ ಜೊತೆಗೂಡಿ ಅಲ್ಲಿನ ಖುಷ್ಕಿ ಹೊಲಗಳಲ್ಲಿ ಇಂಥವೇ ರೇಡಿಯೊ ಫಲಕಗಳನ್ನು ಇಟ್ಟು ನೆಲದ ತೇವವನ್ನೂ ಹವೆಯನ್ನೂ ಅಳೆದರು. ನನಗೆ ಮೆಚ್ಚುಗೆಯಾದದ್ದು ಅವರು ಶುರುಮಾಡಿದ ಕ್ರಮ. ಫಲಕ ನೆಡುವ ಮೊದಲು ಸಣ್ಣ ಹಿಡುವಳಿಯ ರೈತರಿಗೆ ತಿಳಿಯಬೇಕಾದದ್ದೇನು ಎಂದು ಸಮೀಕ್ಷೆ ಮಾಡಿ ಕೇಳಿದರು. ಉತ್ತರಗಳೆಲ್ಲ ನೀರಿನ ಸುತ್ತಲೇ ಸುತ್ತಿದವು. ಇಪ್ಪತ್ತು ವರ್ಷಗಳ ಹಿಂದಿನ ಆ ಫಲಕಗಳು ಪರದೇಶದವು, ದುಬಾರಿ. ಇಂದು ಅದೇ ಕೆಲಸ ಮಾಡುವ ಚಿಪ್ಪು ನಮ್ಮ ಹೋಟೆಲಿನ ಒಂದು ಊಟದ ಬೆಲೆಗೆ ಬರುತ್ತದೆ. ಬದಲಾಗದೆ ಉಳಿದಿರುವುದು ನಮ್ಮ ಖರೀದಿ ಪದ್ಧತಿ.

ಹಾಗಾದರೆ ಆಗಬೇಕಾದದ್ದೇನು? ದೊಡ್ಡ ಹಣದ ಮಾತು ನಾನು ಆಡುತ್ತಿಲ್ಲ. ಸೆಮಿಕಂಡಕ್ಟರ್ ಉದ್ಯಮಕ್ಕಾಗಿ ಕೇಂದ್ರ 2021ರಲ್ಲಿ 76,000 ಕೋಟಿ ರೂಪಾಯಿಗಳ ಯೋಜನೆಗೆ, ಬಿಡಿಭಾಗಗಳ ತಯಾರಿಕೆಗಾಗಿ 2025ರಲ್ಲಿ 22,919 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿದೆ. ಅವು ಬೇಕು. ಆದರೆ ಆ ಹೊಳೆಯ ನೀರು ಬೊಮ್ಮನಹಳ್ಳಿಯ ನೆಲಮಹಡಿಯ ಕೋಣೆಗೆ ಹರಿದು ಬರಲು ಸಣ್ಣ ಕಾಲುವೆಗಳು ಬೇಕು. ನನ್ನ ಸಲಹೆ ಮೂರು.

ಒಂದು, ಬೊಮ್ಮನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಯವರೆಗಿನ ಪಟ್ಟಿಯಲ್ಲಿ, ಯಾವುದಾದರೂ ಸರ್ಕಾರಿ ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜಿನೊಳಗೆ, ಸಾಮಾನ್ಯ ಬಳಕೆಯ ರೇಡಿಯೊ ಪರೀಕ್ಷಾಲಯ ಇರಬೇಕು. ಆಂಟೆನಾ ಅಳೆಯುವ ಯಂತ್ರ, ಹೊರಗಿನ ಅಲೆ ನುಗ್ಗದ ಕೋಣೆ, ತಿಳಿದ ಇಬ್ಬರು ತಂತ್ರಜ್ಞರು. ಗಂಟೆಯ ಲೆಕ್ಕದಲ್ಲಿ ಸಣ್ಣವರಿಗೆ ಎಟುಕುವ ಶುಲ್ಕ. ಹಿಟ್ಟಿನ ಗಿರಣಿ ಊರಿಗೊಂದು ಇದ್ದರೆ ಸಾಕು, ಮನೆಗೊಂದು ಬೇಕಿಲ್ಲ. ಇದೂ ಹಾಗೆಯೇ.

ಎರಡು, ಸರ್ಕಾರಿ ಖರೀದಿ ಹಂತಹಂತವಾಗಿ ನಡೆಯಲಿ. ಮೊದಲು ನಾಲ್ಕೈದು ಜನರಿಂದ ಐವತ್ತೈವತ್ತು ಫಲಕ ಕೊಂಡು ಒಂದು ಬೇಸಿಗೆ, ಒಂದು ಮಳೆಗಾಲ ಪರೀಕ್ಷಿಸಲಿ. ಗೆದ್ದದ್ದಕ್ಕೆ ಐನೂರು, ಆಮೇಲೆ ಐದು ಸಾವಿರ. ಹಳೆಯ ವಹಿವಾಟಿನ ಜಾಗದಲ್ಲಿ ನೆಲದ ಮೇಲಿನ ಫಲಿತಾಂಶವೇ ಅರ್ಹತೆಯಾಗಲಿ. ಪರೀಕ್ಷೆಯ ಹಂತದಲ್ಲಿ ಸೋತ ವಸ್ತುವಿಗಾಗಿ ಅಧಿಕಾರಿಯನ್ನು ಕಟಕಟೆಗೆ ಹತ್ತಿಸುವುದಿಲ್ಲ ಎಂಬ ಸ್ಪಷ್ಟ ಆದೇಶವೂ ಜೊತೆಗಿರಲಿ.

ಮೂರು, ಸಾರ್ವಜನಿಕ ಹಣದಲ್ಲಿ ಕೊಂಡ ಉಪಕರಣದ ನಕ್ಷೆ, ಬಿಡಿಭಾಗಗಳ ಪಟ್ಟಿ, ಒಳಗಿನ ಪ್ರೋಗ್ರಾಂ ಇಲಾಖೆಯ ಕೈಯಲ್ಲಿರಬೇಕು. ತಾಲ್ಲೂಕಿನ ಐಟಿಐ ಕಲಿತ ಹುಡುಗಿ ಅದನ್ನು ಬಿಚ್ಚಿ ಸರಿಪಡಿಸುವಂತಿರಬೇಕು. ಬ್ಯಾಟರಿಯ ಖರ್ಚು ಅಂದಾಜುಪಟ್ಟಿಯ ಮೊದಲ ಪುಟದಲ್ಲಿರಬೇಕು.

ಅಗ್ಗದ ವಿದೇಶಿ ಫಲಕವಿರುವಾಗ ಈ ಹಠವೇಕೆ ಎಂದು ಕೇಳುವವರಿದ್ದಾರೆ. ಹಠ ನನ್ನದಲ್ಲ. ಚಿಪ್ಪು ಎಲ್ಲಿಂದ ಬೇಕಾದರೂ ಬರಲಿ. ಅದನ್ನೂ ನಾವೇ ಮಾಡಬೇಕೆಂದು ಕುಳಿತರೆ ಸಂಪಿನ ನೀರು ಅಳೆಯುವುದು ಮುಂದಿನ ಪೀಳಿಗೆಗೆ. ಆದರೆ ಯಾವ ಅಲೆ, ಎಂಥ ಡಬ್ಬಿ, ಎಷ್ಟು ನಿದ್ರೆ, ಯಾರು ರಿಪೇರಿ ಮಾಡಬೇಕು ಎಂಬ ತೀರ್ಮಾನಗಳು ನೆಲ ಬಲ್ಲವರ ಕೈಯಲ್ಲಿರಬೇಕು. 2021ರಲ್ಲಿ ಜಗತ್ತಿನಾದ್ಯಂತ ಚಿಪ್ ಅಭಾವವಾದಾಗ ಸಣ್ಣ ಗಿರಾಕಿಗಳು ಸಾಲಿನ ಕೊನೆಯಲ್ಲಿ ನಿಂತರು. ವಿನ್ಯಾಸ ಬಲ್ಲವನು ಒಂದು ಚಿಪ್ ಸಿಗದಿದ್ದರೆ ಮತ್ತೊಂದಕ್ಕೆ ಫಲಕವನ್ನು ಹೊಂದಿಸಿಕೊಳ್ಳಬಲ್ಲ. ಬರೀ ಡಬ್ಬಿ ಕೊಂಡವನು ಕಾಯಬೇಕು.

ನಮ್ಮ ಬೀದಿಯ ಹದಿನಾಲ್ಕು ಸಂಪುಗಳಲ್ಲಿ ಈಗ ಹದಿನಾಲ್ಕು ಫಲಕಗಳಿವೆ. ಸಂಘದ ಸಭೆಯಲ್ಲಿ ಅವುಗಳಿಗೆ ಮುಂಗಡ ಹಣ ಕೊಡಬೇಕೆಂದು ವಾದಿಸಿದವನು ನಾನೇ. ಪೂರ್ವಾನುಭವ ಇದೆಯೇ ಎಂದು ಒಬ್ಬರು ಕೇಳಿದರು. ಇಲ್ಲ, ಕೊಟ್ಟರೆ ಬರುತ್ತದೆ ಎಂದೆ. ಟ್ಯಾಂಕರ್ ನೀರಿನ ಜಗಳ ನಿಂತಿದೆ. ಎಷ್ಟು ಬಂತು ಎಂಬುದು ಎಲ್ಲರ ಫೋನಿನಲ್ಲಿಯೂ ಕಾಣುತ್ತದೆ. ಎರಡು ಫಲಕಗಳು ಮಳೆಗಾಲದಲ್ಲಿ ಕೆಟ್ಟವು. ಆತ ಬಿಚ್ಚಿ ನೋಡಿ, ಡಬ್ಬಿಯ ಅಂಚನ್ನು ತಿದ್ದಿ, ಮತ್ತೆ ಕೂರಿಸಿದ.

ಕಳೆದ ತಿಂಗಳು ಆ ಹುಡುಗನಿಗೆ ದೊಡ್ಡ ಕಂಪನಿಯೊಂದರಿಂದ ಕೆಲಸದ ಕರೆ ಬಂದಿದೆ. ಸಂಬಳ ಈಗಿನದರ ಎರಡರಷ್ಟು. ರಾತ್ರಿ ಹೊತ್ತು ಸ್ವಂತ ಕೆಲಸ ಮಾಡಕೂಡದೆಂಬ ಕರಾರು. ಊರಿನಲ್ಲಿ ತಂದೆಗೆ ವಯಸ್ಸಾಗಿದೆ, ತಂಗಿಯ ಮದುವೆ ಇದೆ. ‘ಏನು ಮಾಡಲಿ ಸರ್?’ ಎಂದು ಕೇಳಿದ. ಹದಿನೈದು ವರ್ಷಗಳ ಹಿಂದೆ ಇಂಥದೇ ಪ್ರಶ್ನೆಗೆ ಒಂದು ಸಹಿಯಲ್ಲಿ ಉತ್ತರ ಕೊಟ್ಟವನು ನಾನು. ಈ ಬಾರಿ ಹೇಳಲು ನನ್ನ ಬಳಿ ಉತ್ತರವಿಲ್ಲ, ಅಧಿಕಾರವೂ ಇಲ್ಲ. ಎರಡೂ ಇರುವವರು ಈ ನಗರದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಮೇಜಿನ ಮೇಲೂ ದೀಪವಿಲ್ಲದ ಡಬ್ಬಿಯೊಂದನ್ನು ಯಾರಾದರೂ ತಂದಿಡಬಹುದು. ಆಗ ನಗುವ ಮೊದಲು, ಅದರಲ್ಲಿ ದೀಪ ಏಕಿಲ್ಲ ಎಂದು ತಂದವನನ್ನು ಒಮ್ಮೆ ಕೇಳಲಿ.